ಯಾವ ಸಾಲಿನಲ್ಲಿ ಬಣ್ಣ ಬದಲಾಯಿತು?

ಮನುಷ್ಯನು ಒಂದೇ ದಿನದಲ್ಲಿ ಕೆಡುವುದಿಲ್ಲ. ನ್ಯಾಯವಾಗಿ ಬಾಳುತ್ತಿದ್ದ ಗೃಹಸ್ಥನೊಬ್ಬನು ಇಪ್ಪತ್ತು ವರ್ಷಗಳ ತರುವಾಯ ತೂಕದಲ್ಲಿ ಮೋಸಮಾಡುವ ವ್ಯಾಪಾರಿಯಾಗಿ ನಿಂತಿರುವುದನ್ನು ಲೋಕವು ಕಾಣುತ್ತದೆ. ಆದರೆ ಅವನು ಕೆಟ್ಟದ್ದು ಯಾವ ದಿನವೆಂದು ಕೇಳಿದರೆ ಲೋಕವೂ ಹೇಳಲಾರದು, ಅವನೂ ಹೇಳಲಾರನು. ನಿನ್ನೆಯಂತೆಯೇ ಇಂದು, ಇಂದಿನಂತೆಯೇ ನಾಳೆ ಎಂದು ಬಾಳು ಸಾಗಿತು. ಕಡೆಗೆ ನೋಡಿದರೆ ಮೊದಲ ದಿನಕ್ಕೂ ಕಡೆಯ ದಿನಕ್ಕೂ ಸಂಬಂಧವೇ ಇಲ್ಲವಾಯಿತು. ಆದ ದಿನವನ್ನೇ ತೋರಿಸಲಾಗದ ಇಂಥ ಬದಲಾವಣೆಗೆ ಯಾರನ್ನು ಹೊಣೆಮಾಡುವುದು? 'ನನಗರಿಯದಂತೆ ಹೀಗಾಯಿತು' ಎಂಬ ಮಾತು ಕ್ಷಮೆಗೆ ಅರ್ಹವೋ, ಬರಿಯ ನೆಪವೋ?

ಇದನ್ನು ವಿಚಾರಿಸಲು ದೊಡ್ಡ ಗ್ರಂಥಗಳನ್ನೇ ತೆರೆಯಬೇಕೆಂದಿಲ್ಲ. ಉಣ್ಣೆಯ ಹೆಣಿಗೆಯೆಂಬ ಮನೆಗೆಲಸವು ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡುತ್ತದೆ. ಅದರಲ್ಲಿಯೂ ಮೈಗಿಂತ ಬಹಳ ದೊಡ್ಡದಾಗಿ, ಉಬ್ಬುತಗ್ಗಿನ ಹೆಣಿಗೆಯಿಂದ, ಅಂಚಿನಿಂದ ಹೆಗಲಿನವರೆಗೆ ಬಣ್ಣವು ಮೆಲ್ಲಮೆಲ್ಲನೆ ಮಾರ್ಪಡುವಂತೆ ರಚಿಸುವ ಕಾರ್ಡಿಗನ್ ಎಂಬ ಅಂಗಿಯು ಈ ವಿಷಯದಲ್ಲಿ ಒಳ್ಳೆಯ ಉಪಾಧ್ಯಾಯನೇ ಸರಿ. ಮುಂಭಾಗ ತೆರೆದಿದ್ದು ಗುಂಡಿ ಹಾಕಿಕೊಳ್ಳುವ ಈ ಉಡುಪಿಗೆ, 1854ರಲ್ಲಿ ಬಾಲಕ್ಲಾವದ ಯುದ್ಧದಲ್ಲಿ ಕುದುರೆಪಡೆಯನ್ನು ಫಿರಂಗಿಗಳ ಬಾಯಿಗೇ ನಡೆಸಿದ ಇಂಗ್ಲಿಷ್ ಶ್ರೀಮಂತನ ಹೆಸರು ಬಂದಿದೆ. ಆ ಶೌರ್ಯಕ್ಕಿಂತ ಈ ಉಣ್ಣೆಯ ಅಂಗಿಯೇ ಅವನ ಹೆಸರನ್ನು ಹೆಚ್ಚು ಮನೆಗಳಿಗೆ ತಲುಪಿಸಿತೆಂಬುದು ವಿನೋದದ ಸಂಗತಿ.

ಇಂಥ ಹೆಣಿಗೆಗೆ ಹೆಸರಾದ ನೆಲವೆಂದರೆ ಬ್ರಿಟನ್ನಿನ ಉತ್ತರದಂಚಿನ ಷೆಟ್ಲೆಂಡ್ ದ್ವೀಪಗಳು. ಗಾಳಿಗೆ ಮರವೇ ನಿಲ್ಲದ ಆ ನಾಡಿನ ಕುರಿಗಳು ಗಾತ್ರದಲ್ಲಿ ಚಿಕ್ಕವು. ಆದರೆ ಅವುಗಳ ಉಣ್ಣೆಯಲ್ಲಿ ಬಣ್ಣಗಳ ಸಂಪತ್ತು ಅಪಾರ. ಬಿಳಿಪಿನಿಂದ ಕಪ್ಪಿನವರೆಗೆ ಹುಟ್ಟುಬಣ್ಣಗಳೇ ಹನ್ನೊಂದು ಬಗೆಯೆಂದು ಎಣಿಸುತ್ತಾರೆ. ಕೆಂಗಂದಿಗೆ ಮೂರಿಟ್ ಎಂದೂ, ಉಕ್ಕಿನಂಥ ಕಡುಬೂದಿಗೆ ಶೇಲ ಎಂದೂ ಆ ಜನರ ಮಾತಿನಲ್ಲಿ ಬೇರೆಬೇರೆ ಹೆಸರುಗಳಿವೆ. ಬಣ್ಣದ ಬಾನಿಗೆ ಅದ್ದದೆಯೇ ಈ ಛಾಯೆಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿ, ಅಲೆಯಲೆಯಾದ ಅಂಚಿನ ಹ್ಯಾಪ್ ಎಂಬ ಹೊದಿಕೆಯನ್ನು ಅಲ್ಲಿಯ ಹೆಂಗಸರು ತಲೆತಲಾಂತರದಿಂದ ಹೆಣೆಯುತ್ತಿದ್ದರು. ಸೊಂಟಕ್ಕೆ ತೂತುಗಳುಳ್ಳ ತೊಗಲಿನ ಪಟ್ಟಿಯನ್ನು ಕಟ್ಟಿ, ಹೆಣಿಗೆಕಡ್ಡಿಯ ತುದಿಯನ್ನು ಅದಕ್ಕೆ ಊರಿ, ಬೆನ್ನ ಮೇಲೆ ಉರುವಲಿನ ಹೊರೆಯನ್ನು ಹೊತ್ತು ನಡೆಯುತ್ತಲೇ ಅವರು ಹೆಣೆಯುತ್ತಿದ್ದರೆಂದರೆ, ಆ ಕೆಲಸವು ಅವರಿಗೆ ಉಸಿರಿನಂತೆ ಸಹಜವಾಗಿದ್ದಿತೆಂದು ತಿಳಿಯಬಹುದು.

ಬಣ್ಣವನ್ನು ಮೆಲ್ಲನೆ ಬದಲಿಸುವ ಒಂದು ಉಪಾಯವು ಹೀಗಿದೆ. ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ಹೆಣೆಯಬೇಕು. ಮೊದಲು ಎರಡೂ ಬಿಳಿಯ ಎಳೆಗಳು. ಕೆಲವು ಸಾಲುಗಳಾದ ಮೇಲೆ ಒಂದನ್ನು ಬಿಟ್ಟು ಅದರ ಸ್ಥಾನದಲ್ಲಿ ನಸುಗಂದಿನ ಎಳೆ. ಆ ಮೇಲೆ ಎರಡೂ ನಸುಗಂದು. ಅನಂತರ ನಸುಗಂದಿನೊಡನೆ ಮೂರಿಟ್. ಹೀಗೆ ನಾಲ್ಕು ಛಾಯೆಗಳಿದ್ದರೆ ಏಳು ಪಟ್ಟಿಗಳಾಗುತ್ತವೆ, ಆರು ಸಲ ಎಳೆ ಬದಲಾಗುತ್ತದೆ. ಪ್ರತಿಸಲವೂ ಹಳೆಯ ಎಳೆಯೊಂದು ಉಳಿದೇ ಇರುವುದರಿಂದ ಕಣ್ಣಿಗೆ ಗಡಿಯು ಕಾಣುವುದಿಲ್ಲ. ಇನ್ನೂ ನಯವಾಗಬೇಕೆಂದರೆ ಹಳೆಯ ಜೋಡಿಯನ್ನೂ ಹೊಸ ಜೋಡಿಯನ್ನೂ ಎರಡೆರಡು ಸಾಲಿಗೊಮ್ಮೆ ಅದಲುಬದಲು ಮಾಡಿ, ಆಮೇಲೆ ಹಳೆಯದನ್ನು ಕೈಬಿಡುತ್ತಾರೆ.

ಅಂಗಿಯು ಮುಗಿದ ಮೇಲೆ ನೋಡುವವನು ಅಂಚು ಬಿಳಿಯೆಂದೂ ಹೆಗಲು ಕಡುಗಂದೆಂದೂ ಹೇಳುತ್ತಾನೆ; ಎಲ್ಲಿ ಬದಲಾಯಿತೆಂದರೆ ಬೆರಳಿಡಲಾರನು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಮಿಲೇಟಸ್ ಪಟ್ಟಣದ ಯೂಬ್ಯುಲಿಡೀಸ್ ಎಂಬ ಗ್ರೀಕ್ ತಾರ್ಕಿಕನು ಕೇಳಿದನೆನ್ನಲಾಗುವ ಒಗಟೂ ಇದೇ ಜಾತಿಯದು. ಕಾಳಿನ ರಾಶಿಯಿಂದ ಒಂದು ಕಾಳನ್ನು ತೆಗೆದರೆ ಅದು ರಾಶಿಯಾಗಿಯೇ ಉಳಿಯುತ್ತದೆ. ಇನ್ನೊಂದನ್ನು ತೆಗೆದರೂ ಹಾಗೆಯೇ. ಹಾಗಾದರೆ ರಾಶಿಯು ರಾಶಿಯಲ್ಲವಾದದ್ದು ಯಾವ ಕಾಳಿನಿಂದ? ತಾರ್ಕಿಕರು ಇದಕ್ಕೆ ಇಂದಿಗೂ ಒಮ್ಮತದ ಉತ್ತರ ಕೊಟ್ಟಿಲ್ಲ. ಕೆಟ್ಟ ಮನುಷ್ಯನ ವಕೀಲನಾದರೋ ಇದನ್ನೇ ಆಶ್ರಯಿಸುತ್ತಾನೆ: ಯಾವ ಒಂದು ದಿನವೂ ದೋಷಿಯಲ್ಲ, ಆದುದರಿಂದ ದೋಷವೇ ಇಲ್ಲ.

ಆದರೆ ಈ ಒಗಟು ನೋಡುವವನದು, ಹೆಣೆದವಳದಲ್ಲ. ಎಳೆಯನ್ನು ಬದಲಿಸಿದ ಸಾಲು ಅವಳಿಗೆ ಗೊತ್ತು. ಇಪ್ಪತ್ತೆರಡನೆಯ ಸಾಲು ಮುಗಿದಾಗ ಅವಳು ಕಡ್ಡಿಯನ್ನು ಕೆಳಗಿಟ್ಟು, ಬಿಳಿಯ ಎಳೆಯನ್ನು ಕತ್ತರಿಸಿ, ಬೇರೊಂದು ಉಂಡೆಯನ್ನು ಕೈಗೆತ್ತಿಕೊಂಡಿದ್ದಳು. ಅಂಗಿಯ ಒಳಮೈಯನ್ನು ಮಗುಚಿದರೆ ಎಳೆಯ ತುದಿಗಳನ್ನು ಹೊಸೆದು ಮುಚ್ಚಿದ ಗುರುತು ಇದ್ದೇ ಇರುತ್ತದೆ. ಹೊರಗೆ ಕಾಣದ ಗಡಿಯು ಕೈಗೆ ಕಂಡಿತ್ತು. ಮೊದಲ ಸಲ ತೂಕದ ಬಟ್ಟಿನಲ್ಲಿ ಗುಂಜಿಯಷ್ಟು ಕಡಿಮೆಮಾಡಿದ ವ್ಯಾಪಾರಿಯ ಕೈಗೂ ಆ ಕ್ಷಣದಲ್ಲಿ ಅದು ಗೊತ್ತಿತ್ತು. ಮರೆತನೆಂಬುದು ನಿಜವಿರಬಹುದು, ಅರಿಯೆನೆಂಬುದು ನಿಜವಲ್ಲ.

ಇಲ್ಲಿ ವಿಚಾರವಂತರು ಆಕ್ಷೇಪಿಸಬಹುದು. ಎಲ್ಲ ಬದಲಾವಣೆಯೂ ಕೈಯಿಂದಲೇ ಆಗುವುದೇ? ಜಪಾನಿನಲ್ಲಿಯೂ ಬೇರೆ ದೇಶಗಳಲ್ಲಿಯೂ ತಯಾರಾಗುವ ಕೆಲವು ನೂಲುಗಳಿಗೆ ಮೊದಲೇ ದೀರ್ಘವಾದ ಬಣ್ಣದ ಏರಿಳಿತವನ್ನು ಕೊಟ್ಟಿರುತ್ತಾರೆ. ಹೆಣೆಯುವವಳು ಏನನ್ನೂ ಬದಲಿಸುವುದಿಲ್ಲ. ಒಂದೇ ಉಂಡೆಯಿಂದ ನೀಲಿಯು ಹಸುರಾಗುತ್ತ ಬರುತ್ತದೆ. ಈ ಆಕ್ಷೇಪವು ನ್ಯಾಯವಾದದ್ದೇ. ಮುಪ್ಪು, ರೋಗ, ಕಾಲದ ಮಾರ್ಪಾಡು, ಹುಟ್ಟಿದ ಮನೆ ಇವೆಲ್ಲ ಉಂಡೆಯಲ್ಲಿಯೇ ಸುತ್ತಿಕೊಂಡು ಬಂದ ಬಣ್ಣಗಳು. ವೃದ್ಧನೊಬ್ಬನು ಸಿಡುಕನಾದರೆ ಅವನು ಎಳೆಯನ್ನು ಬದಲಿಸಿದನೆನ್ನುವುದು ಕ್ರೌರ್ಯವಾದೀತು. ಆದರೆ ಸುಲಿಗೆಯ ಬಡ್ಡಿ ತಿಂದವನು ತನ್ನದೂ ಉಂಡೆಯಲ್ಲಿ ಬಂದ ಬಣ್ಣವೆಂದರೆ, ಒಳಮೈಯನ್ನು ಮಗುಚಿ ತುದಿಗಳನ್ನು ನೋಡುವುದೇ ಪರೀಕ್ಷೆ.

ಇದಕ್ಕಿಂತ ಸೂಕ್ಷ್ಮವಾದ ಕಷ್ಟವು ಮತ್ತೊಂದಿದೆ, ಅದು ಕೈಯದೇ. ಹೆಣಿಗೆಯವರು ಆರಂಭದಲ್ಲಿ ಅಂಗೈಯಗಲದ ಮಾದರಿಯೊಂದನ್ನು ಹೆಣೆದು ಅಳೆಯುತ್ತಾರೆ. 10 ಸೆಂಟಿಮೀಟರಿಗೆ ಅಡ್ಡಲಾಗಿ 16 ಕುಣಿಕೆ, ಉದ್ದಕ್ಕೆ 22 ಸಾಲು ಬಂದಿತೆನ್ನೋಣ. ಎದೆಯ ಸುತ್ತಳತೆ 95 ಸೆಂಟಿಮೀಟರ್ ಇರುವವರಿಗೆ 120 ಸೆಂಟಿಮೀಟರಿನ ದೊಗಲೆ ಅಂಗಿ ಬೇಕಾದರೆ ಸುತ್ತಿಗೆ 192 ಕುಣಿಕೆ. 70 ಸೆಂಟಿಮೀಟರ್ ಉದ್ದಕ್ಕೆ 154 ಸಾಲು. ತೋಳುಗಳನ್ನು ಬಿಟ್ಟು ಮೈಭಾಗಕ್ಕೇ ಮೂವತ್ತು ಸಾವಿರಕ್ಕೆ ಸಮೀಪವಾಗಿ ಕುಣಿಕೆಗಳಾದವು. ಇಷ್ಟನ್ನು ಹೆಣೆಯುವಾಗ ಬೆರಳಿನ ಬಿಗಿಯು ಸ್ವಲ್ಪ ಸಡಿಲವಾಗಿ, 16ರ ಜಾಗದಲ್ಲಿ 15 ಕುಣಿಕೆ ಬಿದ್ದರೆ ಅದೇ 192 ಕುಣಿಕೆಯ ಸುತ್ತಳತೆ 128 ಸೆಂಟಿಮೀಟರ್ ಆಗುತ್ತದೆ. ಎಂಟು ಸೆಂಟಿಮೀಟರಿನ ವ್ಯತ್ಯಾಸ; ಆದರೆ ಯಾವ ಒಂದು ಕುಣಿಕೆಯನ್ನು ನೋಡಿದರೂ ಅದು ಪಕ್ಕದ್ದರಂತೆಯೇ ಇರುತ್ತದೆ.

ಮೈಗೆ ಹತ್ತಿಕೊಂಡಿರುವ ಅಂಗಿಯಾದರೆ ಈ ತಪ್ಪು ಎಲ್ಲಾದರೂ ಒತ್ತೀತು, ಎಲ್ಲಾದರೂ ಜೋತಾಡೀತು. ದೊಗಲೆ ಅಂಗಿಯಲ್ಲಿ ಅದು ಎಲ್ಲಿಯೂ ತಾಗುವುದಿಲ್ಲ. ಉಬ್ಬುತಗ್ಗಿನ ಹೆಣಿಗೆಯಲ್ಲಿ ತಪ್ಪಿದ ಕುಣಿಕೆಯು ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಮೆಲ್ಲನೆಯ ಇಳಿಜಾರು ಉಳಿದುದನ್ನೆಲ್ಲ ಮುಚ್ಚುತ್ತದೆ. ತಪ್ಪನ್ನು ಅಡಗಿಸುವ ಮೂರು ಅನುಕೂಲಗಳೂ ಒಂದೆಡೆ ಕೂಡಿದ ಉಡುಪು ಇದು. ಅನುಕೂಲಸ್ಥರ ಬಾಳು ಇದನ್ನೇ ಹೋಲುತ್ತದೆ. ಬಡವನು ಒಂದು ಹಾಗ ತಪ್ಪಿದರೆ ಸಂಜೆಯ ಒಲೆ ಹೊತ್ತುವುದಿಲ್ಲ, ತಪ್ಪು ಅಂದೇ ತಿಳಿಯುತ್ತದೆ. ಉಳ್ಳವನಿಗೆ ಹತ್ತು ವರ್ಷ ತಪ್ಪಿದರೂ ಎಲ್ಲಿಯೂ ಒತ್ತುವುದಿಲ್ಲ.

ಹೀಗೆ ಅಳೆಯುವ ಕೈಯೇ ಸಡಿಲವಾದಾಗ ಅದನ್ನು ಅಳೆಯುವುದು ಯಾವುದರಿಂದ? ಹೆಣಿಗೆಯವರ ಅನುಭವವು ಇಲ್ಲಿ ಸ್ವಾರಸ್ಯವಾಗಿದೆ. ಒಂದು ತೋಳನ್ನು ಮುಗಿಸಿ, ತಿಂಗಳುಗಳ ಮೇಲೆ ಇನ್ನೊಂದನ್ನು ಹೆಣೆದರೆ, ಸಾಲುಗಳ ಎಣಿಕೆ ಒಂದೇ ಇದ್ದರೂ ಎರಡನೆಯದು ಬೆರಳುದ್ದ ಹೆಚ್ಚೋ ಕಡಿಮೆಯೋ ಆಗುವುದುಂಟು. ಎರಡನೆಯದನ್ನು ಹೆಣೆಯುವಾಗ ಅವಳು ಮನಃಪೂರ್ವಕವಾಗಿಯೇ ಹೆಣೆದಿರುತ್ತಾಳೆ. ಮನಸ್ಸಾಕ್ಷಿಯನ್ನು ಕೇಳಿದರೆ ಅದು ಸರಿಯೆಂದೇ ಹೇಳುತ್ತಿತ್ತು, ಏಕೆಂದರೆ ಮನಸ್ಸಾಕ್ಷಿಯೂ ಕೈಯೊಡನೆಯೇ ಸಡಿಲವಾಗಿತ್ತು. ಅದಕ್ಕಾಗಿಯೇ ಬಲ್ಲವರು ಎರಡು ತೋಳುಗಳನ್ನೂ ಒಟ್ಟೊಟ್ಟಿಗೆ, ಇದರ ಎರಡು ಸಾಲು ಅದರ ಎರಡು ಸಾಲು ಎಂದು ಹೆಣೆಯುತ್ತಾರೆ. ಒಬ್ಬನೇ ಕುಳಿತು ಆತ್ಮಪರೀಕ್ಷೆ ಮಾಡಿಕೊಂಡರೆ ಸಾಕೆನ್ನುವವರು ಈ ತೋಳುಗಳ ವಿಷಯವನ್ನು ಯೋಚಿಸುವುದು ಒಳ್ಳೆಯದು. ಜೊತೆಯಲ್ಲಿ ಬಾಳುವ ಮತ್ತೊಬ್ಬನ ಮುಂದೆ ತನ್ನನ್ನಿಟ್ಟು ನೋಡದ ಹೊರತು ಇಂಥ ವ್ಯತ್ಯಾಸವು ಕಾಣುವುದಿಲ್ಲ.

ಷೆಟ್ಲೆಂಡಿನ ಹೆಣಿಗೆಯ ಚರಿತ್ರೆಯಲ್ಲಿಯೇ ಈ ಹೊಣೆಗಾರಿಕೆಯ ಪ್ರಶ್ನೆಯು ಕಹಿಯಾದ ರೂಪವನ್ನು ತಾಳಿತ್ತು. 19ನೆಯ ಶತಮಾನದಲ್ಲಿ ಅಲ್ಲಿಯ ಹೆಂಗಸರು ಹೆಣೆದು ತಂದ ಹೊದಿಕೆಗಳಿಗೆ ವರ್ತಕರು ನಗದು ಕೊಡದೆ ಚಹಾ, ಬಟ್ಟೆ ಮೊದಲಾದ ಸರಕುಗಳನ್ನೇ ಕೊಡುತ್ತಿದ್ದರು. ಹಿಟ್ಟಿಗೆ ಕಾಸು ಬೇಕಾದವಳು ಆ ಚಹಾವನ್ನು ನೆರೆಯವರಿಗೆ ನಷ್ಟಕ್ಕೆ ಕೊಡಬೇಕಾಗುತ್ತಿತ್ತು. ಮೀನುಗಾರರ ಲೆಕ್ಕವೂ ಅಂಗಡಿಯ ಪುಸ್ತಕದಲ್ಲಿ ಬೆಳೆದು ವರ್ಷಕ್ಕೊಮ್ಮೆ ತೀರ್ಮಾನವಾಗುತ್ತಿತ್ತು. ಅಷ್ಟರಲ್ಲಿ ಸಾಲವು ಮಿಕ್ಕಿರುತ್ತಿತ್ತು. ಬ್ರಿಟಿಷ್ ಸರಕಾರವು ಇದನ್ನು ವಿಚಾರಿಸಲು ನೇಮಿಸಿದ ಆಯೋಗವು 1872ರಲ್ಲಿ ಸಾಕ್ಷ್ಯಗಳನ್ನು ಸಂಗ್ರಹಿಸಿ ವರದಿ ಮಾಡಿತು; 1887ರ ಶಾಸನವು ಮನೆಯಲ್ಲಿ ಹೆಣೆಯುವವರ ರಕ್ಷಣೆಗೂ ಬಂದಿತು; ರೂಢಿಯು ಅಳಿಯಲು ಮತ್ತೂ ಬಹುಕಾಲ ಹಿಡಿಯಿತು. ತಾನು ಸ್ವತಂತ್ರಳಾಗಿದ್ದು ಅಂಗಡಿಯವನ ಹಂಗಿಗೆ ಬಿದ್ದದ್ದು ಯಾವ ದಿನವೆಂದು ಆ ಹೆಂಗಸು ಹೇಳಲಾರಳು. ಇಂದು ಒಂದು ಪೊಟ್ಟಣ ಚಹಾ, ನಾಳೆ ಒಂದು ಗಜ ಬಟ್ಟೆ. ಪ್ರತಿದಿನವೂ ಹಿಂದಿನ ದಿನದಂತೆಯೇ ಇತ್ತು. ಆದರೆ ವರ್ತಕನ ಪುಸ್ತಕದಲ್ಲಿ ಒಂದೊಂದು ಬಾಬಿಗೂ ತಾರೀಖು ಇತ್ತು. ಬದಲಾವಣೆಯು ಮೆಲ್ಲನೆ ಆಯಿತೆಂದ ಮಾತ್ರಕ್ಕೆ ಅದನ್ನು ಅನುಭವಿಸಿದವಳನ್ನೂ ಆಗಿಸಿದವನನ್ನೂ ಒಂದೇ ತಕ್ಕಡಿಯಲ್ಲಿಡುವುದು ಧರ್ಮವಲ್ಲ. ಎಳೆ ಬದಲಿಸಿದ ಕೈ ಯಾವುದೆಂದು ಕೇಳಬೇಕು.

ತಪ್ಪು ತಿಳಿದ ಮೇಲೆ ಮಾಡುವುದೇನು? ತರ್ಕಗ್ರಂಥಗಳಲ್ಲಿ ಕಾರಣಕಾರ್ಯಗಳಿಗೆ ತಂತುವನ್ನೂ ಪಟವನ್ನೂ ದೃಷ್ಟಾಂತವಾಗಿ ಹೇಳುತ್ತಾರೆ. ಅಲ್ಲಿಯ ಪಟವು ಮಗ್ಗದ್ದು, ಹಾಸು ಹೊಕ್ಕು ಎಂಬ ಅನೇಕ ತಂತುಗಳದ್ದು. ಅದನ್ನು ಬಿಚ್ಚಿದರೆ ತುಂಡುನೂಲುಗಳ ಕಂತೆಯಾಗುತ್ತದೆ. ಹೆಣಿಗೆಯಾದರೋ ಒಂದೇ ದಾರವು ತನ್ನ ಕುಣಿಕೆಯೊಳಗೆ ತಾನೇ ನುಸುಳಿ ಆದದ್ದು. ಕೊನೆಯನ್ನು ಹಿಡಿದೆಳೆದರೆ ಸಾಲುಸಾಲಾಗಿ ಹಿಂದಕ್ಕೆ ಬಂದು, ತಪ್ಪಿದ ಸ್ಥಳವನ್ನು ಮುಟ್ಟಿ ನಿಲ್ಲಿಸಬಹುದು, ದಾರವು ಹಾಳಾಗುವುದಿಲ್ಲ. ಮೂವತ್ತು ಸಾಲಿನ ಕೆಳಗೆ ತಪ್ಪು ಕಂಡಾಗ ಬಿಚ್ಚಬೇಕೋ ಬೇಡವೋ ಎಂಬುದು ಯಾರಿಗೂ ಕಾಣದ ತಪ್ಪಿನಲ್ಲಿ ಕಠಿನವಾದ ಪ್ರಶ್ನೆಯೇ. ಒಂದು ಕುಣಿಕೆ ತಿರುಚಿದ್ದರೆ ಬಿಡಬಹುದು. ಅದಕ್ಕಾಗಿ ವಾರದ ದುಡಿಮೆಯನ್ನು ಕಳೆಯುವುದು ಒಂದು ಬಗೆಯ ಅಹಂಕಾರವೂ ಆದೀತು. ಮುಂದಿನ ಸಾಲುಗಳೆಲ್ಲ ಯಾವುದರ ಮೇಲೆ ನಿಲ್ಲಬೇಕೋ ಆ ತಪ್ಪನ್ನು ಬಿಡಲಾಗದು.

ಬಿಚ್ಚುವುದಕ್ಕೂ ಕಾಲದ ಮಿತಿಯುಂಟು. ಉಣ್ಣೆಯ ನಾರಿನ ಮೈಯಲ್ಲಿ ಸಣ್ಣ ಹುರುಪೆಗಳಿವೆ. ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತವೆ. ಅಲ್ಲಿಂದಾಚೆಗೆ ಯಾವ ಕೊನೆಯನ್ನೆಳೆದರೂ ಸಾಲು ಹಿಂದಿರುಗುವುದಿಲ್ಲ. ಷೆಟ್ಲೆಂಡಿನವರ ರೂಢಿಯಲ್ಲಿ ಇನ್ನೊಂದು ಎಲ್ಲೆಯೂ ಇದೆ. ಅವರು ಕಾರ್ಡಿಗನ್ನಿನ ಮೈಯನ್ನು ಮೊದಲು ಮುಂಭಾಗ ಮುಚ್ಚಿದ ಕೊಳವೆಯಂತೆ ಸುತ್ತಲೂ ಹೆಣೆದು, ಕಡೆಗೆ ಎದೆಯ ನಡುವೆ ಅದಕ್ಕೆಂದೇ ಹೆಚ್ಚಾಗಿ ಬಿಟ್ಟ ಕುಣಿಕೆಗಳ ಮೇಲೆ ಕತ್ತರಿಯಿಂದ ಸೀಳಿ ತೆರೆಯುತ್ತಾರೆ. ಆ ಕುರಿಯ ಉಣ್ಣೆಯು ಅಂಟಿಕೊಳ್ಳುವ ಸ್ವಭಾವದ್ದಾದುದರಿಂದ ಕುಣಿಕೆಗಳು ಜಾರುವುದಿಲ್ಲ. ಆದರೆ ಸೀಳಿದ ಮೇಲೆ ಅದು ಒಂದೇ ದಾರವಲ್ಲ. ಹಿಂದಕ್ಕೆ ಬಿಚ್ಚುವ ಮಾತೂ ಇಲ್ಲ.

ಆದುದರಿಂದ ಬಲ್ಲ ಹೆಂಗಸು ಕತ್ತರಿಯನ್ನು ಹಿಡಿಯುವ ಮುನ್ನ ಹೆಣೆದುದನ್ನೆಲ್ಲ ಹಗಲ ಬೆಳಕಿನಲ್ಲಿ ನೆಲದ ಮೇಲೆ ಹರಡುತ್ತಾಳೆ. ಒಂದು ತೋಳಿನ ಮೇಲೆ ಇನ್ನೊಂದನ್ನಿಟ್ಟು, ಮಣಿಕಟ್ಟಿನಿಂದ ಮೇಲಕ್ಕೆ ಬಣ್ಣಕ್ಕೆ ಬಣ್ಣ ಹೊಂದುವುದೇ ಎಂದು ಬೆರಳಾಡಿಸಿ ನೋಡುತ್ತಾಳೆ. ಹೊಂದದಿದ್ದರೆ ಎರಡನೆಯ ತೋಳನ್ನು ಬಿಚ್ಚುತ್ತಾಳೆ. ಬಿಚ್ಚಿದ ದಾರವು ಇಷ್ಟು ದಿನ ಕುಳಿತ ಕುಣಿಕೆಗಳ ಸೊಟ್ಟನ್ನು ಬಿಡದೆ ಸುರುಳಿಯಾಗಿಯೇ ಇರುತ್ತದೆ. ಅದನ್ನು ಲಡಿಮಾಡಿ, ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಕೆಳಗೆ ಸಣ್ಣದೊಂದು ಭಾರವನ್ನು ಕಟ್ಟಿ ನೆರಳಿನಲ್ಲಿ ತೂಗುಹಾಕಬೇಕು. ಅದು ಒಣಗಿ ನೆಟ್ಟಗಾಗುವವರೆಗೆ ಕತ್ತರಿಯು ಗೂಡಿನಲ್ಲಿಯೇ ಇರುತ್ತದೆ.