ಕೊಂದವನಿಗೆ ಕಂಡದ್ದೆಷ್ಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ಹಳೆಯ ಶಿಕಾರಿಗಳ ಮಾತು ಬಂತೆಂದರೆ ಮೊದಲು ಬರುವುದು ಲೆಕ್ಕ. ಎಷ್ಟು ಹಂದಿ ಉರುಳಿಸಿದ, ಎಷ್ಟು ಮೊಲ ಹಿಡಿದ, ಎಷ್ಟು ದೂರದಿಂದ ಗುರಿಯಿಟ್ಟ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆಂದು, ಬಲೆ ದೊಣ್ಣೆ ನಾಯಿಗಳನ್ನು ಕಟ್ಟಿಕೊಂಡು ಗಂಡಸರು ಗುಡ್ಡ ಕಾವಲುಗಳನ್ನು ಸೋಸುತ್ತಿದ್ದ ಕಾಲದ ನೆನಪು ಹಿರಿಯರಲ್ಲಿ ಇನ್ನೂ ಇದೆ. ಆ ಲೆಕ್ಕದ ಪ್ರಕಾರ ಅನುಭವಸ್ಥ ಅಂದರೆ ಹೊಡೆದವನು. ಇಡೀ ದಿನ ಅಲೆದು, ಹತ್ತು ಪ್ರಾಣಿ ಕಂಡು, ಬರಿಗೈಲಿ ಬಂದವನದು ಬರೀ ತಿರುಗಾಟ.

ಈ ಲೆಕ್ಕಾಚಾರದೊಳಗೆ ಒಂದು ತತ್ತ್ವದ ಪ್ರಶ್ನೆಯಿದೆ. ಒಂದು ಪ್ರಾಣಿಯನ್ನು ಬಲ್ಲೆ ಎನ್ನಬೇಕಾದರೆ ಅದನ್ನು ಕೊಂದಿರಲೇಬೇಕೆ? ನೋಡಿದಷ್ಟರಿಂದ ಬರುವ ಅರಿವಿಗಿಂತ ಕೊಂದದ್ದರಿಂದ ಬರುವ ಅರಿವು ಗಟ್ಟಿಯೆ?

ಕಾನೂನು ಈ ಚರ್ಚೆಯ ಒಂದು ಬಾಗಿಲನ್ನು ಮುಚ್ಚಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. 1991ರ ತಿದ್ದುಪಡಿ ಬೇಟೆಯ ಪರವಾನಗಿ ಎಂಬ ಪದ್ಧತಿಯನ್ನೇ ತೆಗೆದುಹಾಕಿತು. ಇವತ್ತು ತುಮಕೂರು ಜಿಲ್ಲೆಯಲ್ಲಿ ಜಿಂಕೆಯ ಹಿಂಡು ನೋಡಬೇಕೆನ್ನುವವರು ತೆಂಗಿನ ತೋಟಗಳನ್ನು ದಾಟಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗುತ್ತಾರೆ. ಅಲ್ಲಿನ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಆದರೆ ಕಾನೂನು ಕೈಯನ್ನು ಕಟ್ಟಬಹುದು, ಪ್ರಶ್ನೆಗೆ ಉತ್ತರ ಕೊಡಲಾರದು.

ಬೇಟೆಯ ಪರವಾಗಿ ಅತ್ಯಂತ ಚೆನ್ನಾಗಿ ವಾದಿಸಿದವನು ಕಾಳಿದಾಸನ ಶಾಕುಂತಲದ ಸೇನಾಪತಿ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದು, ‘ಅಭಿನವ ಕಾಳಿದಾಸ’ ಎನಿಸಿಕೊಂಡ ಅದೇ ನಾಟಕ. ಎರಡನೆಯ ಅಂಕದಲ್ಲಿ ವಿದೂಷಕ ಬೇಟೆಯಿಂದ ಬೇಸತ್ತು ಗೊಣಗುತ್ತಿರುತ್ತಾನೆ: ಎಲೆ ಕೊಳೆತ ಹೊಳೆಯ ನೀರು, ಹೊತ್ತುಗೊತ್ತಿಲ್ಲದ ಊಟ, ನಸುಕಿನಲ್ಲೇ ನಿದ್ದೆ ಕೆಡಿಸುವ ಬೇಡರ ಗದ್ದಲ. ಸೇನಾಪತಿ ಮಾತ್ರ ಬೇಟೆಯ ಗುಣಗಾನಕ್ಕೆ ನಿಲ್ಲುತ್ತಾನೆ. ಬೊಜ್ಜು ಕರಗುತ್ತದೆ, ಮೈ ಹಗುರಾಗುತ್ತದೆ, ಓಡುವ ಗುರಿಗೆ ಬಾಣ ತಾಗಿದಾಗ ಬಿಲ್ಲುಗಾರನಿಗೆ ಹೆಮ್ಮೆ. ಇವುಗಳ ನಡುವೆ ಅವನು ಇನ್ನೊಂದು ಮಾತು ಸೇರಿಸುತ್ತಾನೆ: ಹೆದರಿಕೆಯಲ್ಲಿ, ಸಿಟ್ಟಿನಲ್ಲಿ ಪ್ರಾಣಿಗಳ ಮನಸ್ಸು ಹೇಗೆ ಬದಲಾಗುತ್ತದೆಂಬುದು ಬೇಟೆಯಲ್ಲಿ ತಿಳಿಯುತ್ತದೆ. ವ್ಯಾಯಾಮ, ಹೆಮ್ಮೆಗಳನ್ನು ಬದಿಗಿಟ್ಟು ನೋಡಿದರೆ ತೂಕವಿರುವುದು ಈ ಒಂದು ಮಾತಿಗೇ. ಬೇಟೆ ಒಂದು ವಿದ್ಯೆ ಎಂಬ ವಾದ ಅದು.

ಕಾಳಿದಾಸ ಇದಕ್ಕೆ ಎದುರು ವಾದ ಹೂಡಿಲ್ಲ, ಎರಡು ಚಿತ್ರಗಳನ್ನು ಕೊಟ್ಟಿದ್ದಾನೆ. ಮೊದಲ ಅಂಕದಲ್ಲಿ ದುಷ್ಯಂತ ರಥದಲ್ಲಿ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವಾಗ ಅವನಿಗೆ ಕಾಣುವುದು ಕತ್ತು ತಿರುಗಿಸಿ ರಥವನ್ನೇ ನೋಡುತ್ತ ಓಡುವ ಪ್ರಾಣಿ. ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತಿದೆ. ಎರಡನೆಯ ಅಂಕದಲ್ಲಿ, ಶಕುಂತಲೆಯನ್ನು ಕಂಡ ಮೇಲೆ, ಅವನು ಬೇಟೆಯನ್ನು ನಿಲ್ಲಿಸಿಬಿಡುತ್ತಾನೆ. ಆಗ ಅವನ ಬಾಯಲ್ಲಿ ಬರುವ ಜಿಂಕೆಗಳು ನೆರಳಿನಲ್ಲಿ ಗುಂಪುಗೂಡಿ ಮೆಲುಕು ಹಾಕುವ ಜಿಂಕೆಗಳು. ಮೆಲುಕು ಹಾಕುವ ಪ್ರಾಣಿ ಓಡುವಾಗ ಮೆಲುಕು ಹಾಕುವುದಿಲ್ಲ. ಹೊಟ್ಟೆಯೊಳಗಿನ ಹುಲ್ಲನ್ನು ಬಾಯಿಗೆ ತಂದುಕೊಂಡು ನಿಧಾನವಾಗಿ ಅಗಿಯಲು ಅದಕ್ಕೆ ಸುತ್ತಲಿನ ಮೇಲೆ ನಂಬಿಕೆ ಬೇಕು. ಬಿಲ್ಲು ಹಿಡಿದಿದ್ದಷ್ಟು ಹೊತ್ತು ದುಷ್ಯಂತನಿಗೆ ಆ ಜಿಂಕೆ ಕಾಣುವ ಸಂಭವವೇ ಇರಲಿಲ್ಲ.

ಸೇನಾಪತಿ ಹೇಳಿದ್ದು ಸುಳ್ಳಲ್ಲ, ಕಾಲುಭಾಗದ ಸತ್ಯ. ಬೆನ್ನಟ್ಟಿದವನಿಗೆ ಸಿಗುವುದು ಹೆದರಿದ ಜಿಂಕೆಯ ಮನಸ್ಸು, ಅದೂ ತಾನೇ ಹೆದರಿಸಿದ ಜಿಂಕೆಯದು.

ಉಳಿದ ಮುಕ್ಕಾಲು ಎಷ್ಟು ದೊಡ್ಡದೆಂಬುದು ಮೈದನಹಳ್ಳಿಯಂಥ ಬಯಲಿನಲ್ಲಿ ಸುಮ್ಮನೆ ಕೂತವರಿಗೆ ಗೊತ್ತು. ಗಂಡು ಕೃಷ್ಣಮೃಗ ತನ್ನ ಗಡಿಯೊಳಗಿನ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಕಣ್ಣಿನ ಮುಂದಿರುವ ಗ್ರಂಥಿಯನ್ನು ಹುಲ್ಲುಕಡ್ಡಿಗೂ ಮುಳ್ಳುಗಿಡಕ್ಕೂ ಉಜ್ಜಿ ತನ್ನ ವಾಸನೆ ಬಿಡುತ್ತದೆ. ಹೆಣ್ಣು ಸುಳಿದರೆ ಮೂತಿ ಮೇಲೆತ್ತಿ, ತಿರುಚಿದ ಕೊಂಬುಗಳನ್ನು ಬೆನ್ನಿಗೆ ಒರಗಿಸಿ, ಬಿಗುಮಾನದ ನಡಿಗೆಯಲ್ಲಿ ಅದರ ಸುತ್ತ ತಿರುಗುತ್ತದೆ. ಎಳೆಯ ಗಂಡು ಕಂದು ಬಣ್ಣದ್ದು, ವಯಸ್ಸಾದಂತೆ ಕಪ್ಪೇರುತ್ತದೆ. ಹೊಸದಾಗಿ ಹುಟ್ಟಿದ ಮರಿ ತಾಯಿಯ ಬೆನ್ನು ಹತ್ತದೆ ಹುಲ್ಲಿನ ಮರೆಯಲ್ಲಿ ಮಿಸುಕಾಡದೆ ಮಲಗಿರುತ್ತದೆ, ತಾಯಿ ದೂರದಲ್ಲಿ ಮೇಯುತ್ತ ಹಾಲೂಡಿಸಲಷ್ಟೇ ಹತ್ತಿರ ಬರುತ್ತದೆ. ಇದು ಗೊತ್ತಿಲ್ಲದವರು ತಬ್ಬಲಿ ಮರಿಯೆಂದು ಕನಿಕರದಿಂದ ಎತ್ತಿಕೊಂಡು ಬಂದು ಅದನ್ನು ನಿಜವಾಗಿಯೂ ತಬ್ಬಲಿ ಮಾಡುತ್ತಾರೆ. ಕೆಡಿಸದೆ ಅರಿಯುವ ಈ ಬಗೆ ತೋಟದವರಿಗೂ ಗೊತ್ತು: ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಟ್ಟ ಕಾಯಿಯನ್ನು ಬಲ್ಲವರು ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಸದ್ದೇ ಹೇಳುತ್ತದೆ. ಒಡೆದು ನೋಡಿದರೆ ಆ ಒಂದು ಕಾಯಿಯ ಸಂಗತಿ ತಿಳಿದೀತು, ಅದು ಉಂಡೆಯಾಗುವ ಯೋಗ ಅಲ್ಲಿಗೆ ಮುಗಿಯಿತು.

ಹಾಗಾದರೆ ಶಿಕಾರಿಗಳಿಗೆ ಕಾಡು ಗೊತ್ತಿರಲಿಲ್ಲವೆ? ಅದು ಶುದ್ಧ ಅನ್ಯಾಯದ ಮಾತು. ಕೆನೆತ್ ಆಂಡರ್ಸನ್ ಬರೆದ ಮೈಸೂರು ಸೀಮೆಯ ಕರಡಿಯ ಕಥೆ ನಡೆಯುವುದು ತಿಪಟೂರಿನ ಪಕ್ಕದ ಅರಸೀಕೆರೆಯ ಆಸುಪಾಸಿನಲ್ಲೇ. ಅವನ ಯಾವ ಕಥೆ ತೆಗೆದರೂ ಗುಂಡು ಹಾರುವುದು ಕೆಲವೇ ಸಾಲುಗಳಲ್ಲಿ. ಉಳಿದ ಪುಟಗಳ ತುಂಬ ಹೆಜ್ಜೆ ಗುರುತು, ಗಾಳಿಯ ದಿಕ್ಕು, ಮಂಗನ ಕೂಗು, ಅಟ್ಟಣೆಯ ಮೇಲೆ ಸೊಳ್ಳೆ ಕಚ್ಚಿಸಿಕೊಳ್ಳುತ್ತ ಕಳೆದ ರಾತ್ರಿಗಳು. ಅವನಿಗೆ ಕಾಡನ್ನು ಓದಲು ಕಲಿಸಿದವರಲ್ಲಿ ಚಿನ್ನಾರ್ ಹೊಳೆಯ ದಂಡೆಯ ಪೂಜಾರಿ ಜನರ ಬೈರ ಮುಖ್ಯನಾದವನು. ಆ ಕಥೆಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿ ಸ್ವತಃ ಕೋವಿ ಹಿಡಿದು ತಿರುಗಿದವರು. ಮುಂದೆ ಅವರು ಕೋವಿ ಬಿಟ್ಟು ಕ್ಯಾಮೆರಾ ಹಿಡಿದರು, ಹಕ್ಕಿಗಳ ಹಿಂದೆ ಬಿದ್ದರು. ಗಮನಿಸಬೇಕಾದದ್ದೆಂದರೆ ಕಾಯುವ, ಹೊಂಚುವ, ಮರೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು. ಹಕ್ಕಿಪಿಕ್ಕಿ ಜನ ಹಕ್ಕಿಯ ದನಿ ತೆಗೆದು ಹಕ್ಕಿಯನ್ನೇ ಕರೆಯಬಲ್ಲವರು ಎಂದು ಹೆಸರಾದವರು. ಆ ದನಿಯನ್ನು ಅವರು ಕಲಿತದ್ದು ಬದುಕಿದ್ದ ಹಕ್ಕಿಯಿಂದ.

ಒಟ್ಟಿನಲ್ಲಿ ಶಿಕಾರಿಯ ಅನುಭವದ ಬಹುಪಾಲು ಹೊಡೆಯದೆ ಬಂದ ದಿನಗಳದ್ದು. ಹೊಡೆದದ್ದು ಊರಿಗೆ ತೋರಿಸಲು ಬೇಕಾದ ಸಾಕ್ಷಿ.

ಇಲ್ಲಿ ಒಂದು ತಕರಾರಿಗೆ ಜಾಗ ಕೊಡಬೇಕು. ಸತ್ತ ಪ್ರಾಣಿಯೂ ಪಾಠ ಹೇಳುತ್ತದೆ: ಹಲ್ಲಿನ ಸವೆತದಿಂದ ವಯಸ್ಸು, ಹೊಟ್ಟೆಯೊಳಗಿನ ಮೇವಿನಿಂದ ಋತುವಿನ ಆಹಾರ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಶುರುಮಾಡಿದ ಸಸ್ತನಿಗಳ ಸಮೀಕ್ಷೆ ನಿಂತದ್ದೇ ಕೊಂದು ತಂದ ಮಾದರಿಗಳ ಮೇಲೆ. ಆದರೆ ಆ ಪಾಠಕ್ಕೂ ಗುಂಡು ಅನಿವಾರ್ಯವಲ್ಲ ಎಂಬುದು ಆಮೇಲೆ ಗೊತ್ತಾಯಿತು. ಕಾನ್ಹಾದಲ್ಲಿ ಕೂತು ಜಾರ್ಜ್ ಶಾಲರ್ ಬರೆದ ಜಿಂಕೆ ಮತ್ತು ಹುಲಿಯ ಅಧ್ಯಯನ (1967) ಹುಲಿ ತಿಂದುಬಿಟ್ಟ ಮೂಳೆಗಳಿಂದಲೇ ಎಷ್ಟೋ ಸಂಗತಿ ಹೊರತೆಗೆಯಿತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಯ ಹಿಕ್ಕೆಯಲ್ಲಿ ಸಿಕ್ಕ ಕೂದಲಿನಿಂದ ಅದರ ಊಟದ ಲೆಕ್ಕ ಹಾಕಿದರು.

ಇನ್ನೊಂದು ತಕರಾರು ಇದಕ್ಕಿಂತ ಆಳದ್ದು. ಸ್ಪೇನಿನ ತತ್ತ್ವಜ್ಞ ಒರ್ಟೆಗಾ ಇ ಗಾಸೆಟ್ 1942ರಲ್ಲಿ ಬೇಟೆಗಾರನೊಬ್ಬನ ಪುಸ್ತಕಕ್ಕೆ ದೀರ್ಘ ಮುನ್ನುಡಿ ಬರೆದ. ಸಾವು ಬೇಟೆಯ ಗುರಿಯಲ್ಲ, ಆದರೆ ಸಾವಿನ ಸಾಧ್ಯತೆ ಇಲ್ಲದಿದ್ದರೆ ಅದು ಬೇಟೆಯೇ ಆಗದು. ಕೋವಿಯ ಬದಲು ಕ್ಯಾಮೆರಾ ಹಿಡಿಯುವುದು ಬರೀ ನಯಗಾರಿಕೆ ಎಂಬುದು ಅವನ ನಿಲುವು. ಬೇಟೆಗಾರನ ಎಚ್ಚರ ಬೇರೆ ಯಾರಿಗೂ ಬರುವುದಿಲ್ಲ ಎಂದು ಅವನು ನಂಬಿದ್ದ. ಎಚ್ಚರದ ಮಟ್ಟಿಗೆ ಅವನ ಮಾತು ಒಪ್ಪತಕ್ಕದ್ದೇ. ಆದರೆ ಅವನು ಮರೆತದ್ದು ಒಂದಿದೆ: ಆ ಎಚ್ಚರ ತುದಿಗೆ ಬಂದ ಹೊತ್ತಿನಲ್ಲಿ ಎಷ್ಟು ಕಿರಿದಾಗಿಬಿಡುತ್ತದೆ ಎಂಬುದು.

ನಮ್ಮ ಪುರಾಣಗಳಿಗೆ ಅದು ಚೆನ್ನಾಗಿ ಗೊತ್ತು. ದಶರಥ ಕಣ್ಣಿಟ್ಟು ನೋಡಲಿಲ್ಲ, ಸದ್ದು ಕೇಳಿ ಬಾಣ ಬಿಟ್ಟ. ಸತ್ತದ್ದು ಕುರುಡು ತಾಯ್ತಂದೆಯ ಮಗ. ಪಾಂಡು ಜಿಂಕೆಗಳನ್ನು ಕಂಡ, ಅವು ಕೂಡಿದ್ದನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಜಿಂಕೆಯ ರೂಪದಲ್ಲಿದ್ದು ಬಾಣ ತಾಗಿ ಸಾಯುವ ಕಿಂದಮ ಮುನಿ ಅವನನ್ನು ದೂರಿದ್ದು ಕೊಂದದ್ದಕ್ಕಲ್ಲ, ಆ ಹೊತ್ತಿನಲ್ಲಿ ಕೊಂದದ್ದಕ್ಕೆ. ಮಿಥಿಲೆಯಲ್ಲಿ ಮಾಂಸ ಮಾರುತ್ತ ಕೌಶಿಕನಿಗೆ ಧರ್ಮ ಹೇಳಿದ ಧರ್ಮವ್ಯಾಧ ಹಿಂದಿನ ಜನ್ಮದಲ್ಲಿ ರಾಜನ ಜೊತೆ ಬೇಟೆಗೆ ಹೋಗಿ ಋಷಿಗೆ ಬಾಣ ತಾಗಿಸಿದ್ದ ಬ್ರಾಹ್ಮಣ. ಕೊನೆಗೆ ಕೃಷ್ಣನ ಪಾದವನ್ನು ಜಿಂಕೆಯೆಂದು ಬಗೆದ ಜರ. ಇಷ್ಟೊಂದು ಕಥೆಗಳು ಒಂದೇ ಕಡೆಗೆ ಕೈತೋರುವುದು ಆಕಸ್ಮಿಕವಿರಲಾರದು. ಗುರಿ ಹಿಡಿದ ಕಣ್ಣಿಗೆ ಎದುರಿಗಿರುವುದು ಏನೆಂಬುದಕ್ಕಿಂತ ತಾನು ಹುಡುಕುತ್ತಿರುವುದೇ ಮೊದಲು ಕಾಣುತ್ತದೆ.

ಹಾಗೆಂದು ನೋಡುವವರೆಲ್ಲ ಸಾಧುಗಳೆಂದು ಬಗೆಯಬೇಕಾಗಿಲ್ಲ. ತುರುವೇಕೆರೆಯಿಂದ ಬಲು ದೂರವಲ್ಲದ ಶ್ರವಣಬೆಳಗೊಳದ ಜೈನ ಪರಂಪರೆ ಈ ವಿಷಯದಲ್ಲಿ ಹೆಚ್ಚು ನಿಷ್ಠುರ. ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ರಕ್ತವಿಲ್ಲ, ಜೀವವಿಲ್ಲ, ಕೊಲ್ಲುವ ಸಂಕಲ್ಪ ಮಾತ್ರ ಇತ್ತು, ಅಷ್ಟಕ್ಕೇ ತಾಯಿ ಮಗ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ವನ್ಯಜೀವಿ ಕಾಯ್ದೆಯೂ ತನ್ನ ಒಣ ಭಾಷೆಯಲ್ಲಿ ಇದೇ ಜಾಡಿನಲ್ಲಿದೆ: ಹಿಡಿಯುವುದು, ಅಟ್ಟುವುದು, ಬಲೆಯೊಡ್ಡುವುದು, ಅಂಥ ಪ್ರಯತ್ನ ಕೂಡ ಅದರ ಲೆಕ್ಕದಲ್ಲಿ ಬೇಟೆಯೇ. ಹಿಂಡು ನೆಗೆಯುವ ಚಿತ್ರ ಬೇಕೆಂದು ಕೃಷ್ಣಮೃಗಗಳ ಹಿಂದೆ ಜೀಪು ಓಡಿಸುವವನು ಜನ್ನನ ಕೈಗೂ ಕಾನೂನಿನ ಕೈಗೂ ಸಿಕ್ಕಿಬೀಳುತ್ತಾನೆ. ಅವನ ಕ್ಯಾಮೆರಾದಲ್ಲಿ ಉಳಿಯುವುದೂ ಸೇನಾಪತಿಯ ಜಿಂಕೆಯೇ, ಹೆದರಿದ ಜಿಂಕೆ.

ಧರ್ಮಶಾಸ್ತ್ರದ ಮಾತು ಇನ್ನೂ ವಿಚಿತ್ರ. ಕೃಷ್ಣಮೃಗ ಸಹಜವಾಗಿ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯ ಎನ್ನುತ್ತದೆ ಮನುಸ್ಮೃತಿ. ಅದೇ ಪರಂಪರೆ ವಟುವಿಗೆ ಕೃಷ್ಣಾಜಿನ ತೊಡಿಸುತ್ತದೆ. ನೆಲದ ಪಾವಿತ್ರ್ಯಕ್ಕೆ ಜಿಂಕೆ ಬದುಕಿರಬೇಕು, ವಟುವಿನ ಪಾವಿತ್ರ್ಯಕ್ಕೆ ಅದರ ಚರ್ಮ ಬೇಕು; ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವಾಗ ಯಾರಿಗೂ ತೊಡಕು ಕಂಡಂತಿಲ್ಲ.

ಚಿಕ್ಕನಾಯಕನಹಳ್ಳಿಗೆ ಹೊಂದಿಕೊಂಡಿರುವ ಹೊಸದುರ್ಗ ಸೀಮೆಯಲ್ಲಿ ಈ ತೊಡಕನ್ನು ಜನ ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಅಲ್ಲಿ ಸಂಕ್ರಾಂತಿಗೆ ಮೊಲವನ್ನು ಬಲೆಯಲ್ಲಿ ಜೀವಂತ ಹಿಡಿದು, ದೇವರ ಮುಂದೆ ಪೂಜೆ ಮಾಡಿ, ಮತ್ತೆ ಬಯಲಿಗೆ ಬಿಡುವ ಆಚರಣೆಯಿದೆ. ಕಾನೂನಿನ ಅಕ್ಷರ ಹಿಡಿದರೆ ಅದೂ ಬೇಟೆಯೇ. ಆದರೂ ಒರ್ಟೆಗಾನ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಪುಸ್ತಕಗಳಲ್ಲಿ ಸಿಗುವುದು ಕಷ್ಟ. ಮೊಲದ ಜಾಡು, ಅದು ನುಗ್ಗುವ ದಿಕ್ಕು, ಪೊದೆಯಿಂದ ಏಳುವ ಹೊತ್ತು, ಎಲ್ಲ ಗೊತ್ತಿದ್ದವರಿಗಷ್ಟೇ ಅದನ್ನು ಗಾಯವಾಗದಂತೆ ಹಿಡಿಯಲು ಬರುತ್ತದೆ. ಬೇಟೆಯ ವಿದ್ಯೆ ಪೂರ್ತಿ ಬಳಕೆಯಾಗಿದೆ, ಸಾವು ಮಾತ್ರ ಇಲ್ಲ.

ಇದಕ್ಕೆ ತೀರ ವಿರುದ್ಧ ತುದಿಯಲ್ಲಿರುವುದು ಉರುಳು. ತೆಂಗಿನ ಎಳೆ ಸಸಿಗಳನ್ನು ಹಂದಿ ಅಗೆದು ಹಾಕುತ್ತದೆ. ರೈತನ ನಷ್ಟವೂ ಸಿಟ್ಟೂ ನಿಜ. ಬೈಕಿನ ಕ್ಲಚ್ ವೈರನ್ನು ಬೇಲಿಯ ಕಂಡಿಗೆ ಕಟ್ಟಿಬಿಟ್ಟರೆ ರಾತ್ರಿಯಿಡೀ ಅದು ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ. ಹಳೆಯ ಶಿಕಾರಿಯ ಕಾಯುವಿಕೆಯೂ ಇಲ್ಲ, ನೋಡುವವನ ತಾಳ್ಮೆಯೂ ಇಲ್ಲ. ಯಾವ ಪ್ರಾಣಿ ಬಿತ್ತೆಂಬುದು ಬೆಳಿಗ್ಗೆ ಹೋಗಿ ನೋಡಿದಾಗಲೇ ತಿಳಿಯುವುದು. ಹಂದಿಗೆ ಇಟ್ಟದ್ದರಲ್ಲಿ ಒಮ್ಮೊಮ್ಮೆ ಸೊಂಟಕ್ಕೆ ತಂತಿ ಬಿಗಿದುಕೊಂಡ ಚಿರತೆ ಇರುತ್ತದೆ. ಆಮೇಲೆ ಊರೆಲ್ಲ ಮೊಬೈಲು ಹಿಡಿದು ಸೇರುತ್ತದೆ, ಅರಣ್ಯ ಇಲಾಖೆಯವರು ಬರುತ್ತಾರೆ, ಜೊತೆಗೆ ಪಶುವೈದ್ಯರು. ಅರಿವಳಿಕೆಯ ಪ್ರಮಾಣ ಪ್ರಾಣಿಯ ತೂಕದ ಮೇಲೆ ನಿಂತಿದೆ. ಗರ್ಜಿಸುತ್ತಿರುವ ಚಿರತೆಯನ್ನು ತಕ್ಕಡಿಗೆ ಹಾಕುವಂತಿಲ್ಲ. ಹಾಗಾಗಿ ವೈದ್ಯರು ಮೊದಲು ಜನರನ್ನು ಹಿಂದಕ್ಕೆ ಕಳಿಸಲು ಹೇಳುತ್ತಾರೆ, ಆಮೇಲೆ ಅದರ ಭುಜದ ಅಗಲ, ಹೊಟ್ಟೆಯ ಇಳಿತ, ಉಸಿರಿನ ವೇಗ ನೋಡಿ ಕಣ್ಣಂದಾಜಿನಲ್ಲೇ ತೂಕ ಕಟ್ಟಿ ಸಿರಿಂಜಿಗೆ ಮದ್ದು ತುಂಬುತ್ತಾರೆ.