ಶಿಕ್ಷೆ ಮುಗಿಯುವುದು ಯಾವಾಗ?

ದಂಡನೀತಿಯ ಮೂಲದಲ್ಲಿ ಮಿತಿಯ ಭಾವನೆಯೊಂದಿದೆ. ತಪ್ಪಿಗೆ ತಕ್ಕ ಶಿಕ್ಷೆ, ಶಿಕ್ಷೆಗೆ ಒಂದು ಅವಧಿ, ಅವಧಿ ತೀರಿದ ಮೇಲೆ ಋಣವಿಮೋಚನೆ. ಸಾಲ ತೀರಿದ ಮೇಲೂ ಪತ್ರವನ್ನು ಹರಿಯದೆ ಮತ್ತೆ ಮತ್ತೆ ಬಡ್ಡಿ ಕೇಳುವ ಸಾಹುಕಾರನನ್ನು ಲೋಕವು ನ್ಯಾಯವಂತನೆನ್ನುವುದಿಲ್ಲ. ಆದರೆ ಸೆರೆಮನೆಯಿಂದ ಹೊರಬಂದವನ ವಿಷಯದಲ್ಲಿ ಲೋಕವು ತಾನೇ ಆ ಸಾಹುಕಾರನಂತೆ ವರ್ತಿಸುತ್ತದೆ. ಆತನು ಕೆಲಸ ಕೇಳಿದಾಗಲೂ ಬಾಡಿಗೆಗೆ ಮನೆ ಕೇಳಿದಾಗಲೂ ಹಳೆಯ ಪತ್ರವನ್ನೇ ಮುಂದಿಡುತ್ತದೆ. ಆತನು ಹುಟ್ಟಿನಿಂದಲೇ ಸಂಶಯಕ್ಕೆ ಗುರಿಯಾದ ಅಲ್ಪಸಂಖ್ಯಾತ ಜನಾಂಗಕ್ಕೆ ಸೇರಿದವನಾದರೆ ಬಡ್ಡಿಯು ಇಮ್ಮಡಿಯಾಗುತ್ತದೆ. ಅಂಥವನ ಪುನರ್ವಸತಿಗೆ ವಿಶೇಷ ನೆರವು ನೀಡುವುದು ನ್ಯಾಯವೋ, ಪಕ್ಷಪಾತವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಈ ಪ್ರಶ್ನೆಯು ಬಹಳ ಸ್ಪಷ್ಟವಾಗಿ ಎದ್ದು ನಿಂತಿದೆ. ಅಲ್ಲಿನ ನ್ಯಾಯವ್ಯವಸ್ಥೆಯಲ್ಲಿ ಕಪ್ಪು, ಏಷ್ಯನ್ ಮತ್ತು ಇತರ ಅಲ್ಪಸಂಖ್ಯಾತ ಜನಾಂಗಗಳಿಗೆ ದೊರೆಯುವ ವರ್ತನೆಯನ್ನು ಪರಿಶೀಲಿಸಿ ಪಾರ್ಲಿಮೆಂಟ್ ಸದಸ್ಯ ಡೇವಿಡ್ ಲ್ಯಾಮಿ ಅವರು 2017ರ ಸೆಪ್ಟೆಂಬರಿನಲ್ಲಿ ವರದಿಯೊಂದನ್ನು ನೀಡಿದರು. ಜನಸಂಖ್ಯೆಯಲ್ಲಿ ಶೇಕಡಾ 14ರಷ್ಟಿದ್ದ ಈ ಜನರು ಬಂದಿಗಳಲ್ಲಿ ಶೇಕಡಾ 25ರಷ್ಟಿದ್ದರು. ಬಂಧನದಲ್ಲಿದ್ದ ಎಳೆಯರಲ್ಲಿ ಇವರ ಪ್ರಮಾಣ ಶೇಕಡಾ 40ನ್ನೂ ಮೀರಿತ್ತು. ವರದಿಯು 35 ಶಿಫಾರಸುಗಳನ್ನು ಮಾಡಿ ಅವುಗಳ ತಳದಲ್ಲಿ ಒಂದು ಸರಳ ಸೂತ್ರವನ್ನಿಟ್ಟಿತು: ಜನಾಂಗಗಳ ನಡುವಣ ಇಂಥ ಅಂತರಕ್ಕೆ ಸಂಸ್ಥೆಯೊಂದು ತಕ್ಕ ಕಾರಣ ನೀಡಬೇಕು, ನೀಡಲಾಗದಿದ್ದರೆ ತನ್ನನ್ನು ತಿದ್ದಿಕೊಳ್ಳಬೇಕು.

ಅದೇ ವರದಿಯು ಇನ್ನೊಂದು ಸೂಕ್ಷ್ಮವಾದ ಸಂಗತಿಯನ್ನೂ ಗುರುತಿಸಿತು. ತಪ್ಪೊಪ್ಪಿಕೊಂಡವರಿಗೆ ಅಲ್ಲಿನ ನ್ಯಾಯಾಲಯಗಳು ಶಿಕ್ಷೆಯಲ್ಲಿ ಮೂರನೆಯ ಒಂದು ಭಾಗದವರೆಗೂ ರಿಯಾಯಿತಿ ನೀಡುತ್ತವೆ. ಆದರೆ ನ್ಯಾಯವ್ಯವಸ್ಥೆಯಲ್ಲಿ ನಂಬಿಕೆಯಿಲ್ಲದ ಅಲ್ಪಸಂಖ್ಯಾತರು ತಪ್ಪೊಪ್ಪಿಕೊಳ್ಳಲು ಹಿಂಜರಿದು ಆ ರಿಯಾಯಿತಿಯನ್ನು ಕಳೆದುಕೊಳ್ಳುತ್ತಾರೆ. ಹೀಗೆ ಅವಿಶ್ವಾಸವೇ ಸೆರೆವಾಸವನ್ನು ದೀರ್ಘಗೊಳಿಸುತ್ತದೆ. ಈ ಅವಿಶ್ವಾಸವು ನಿರಾಧಾರವಾದುದೆಂದು ಹೇಳುವಂತಿಲ್ಲ. ಸಣ್ಣ ಕಳವಿಗಾಗಿ 90 ದಿನಗಳ ಶಿಕ್ಷೆ ಪಡೆದಿದ್ದ 19 ವರ್ಷದ ಜಾಹಿದ್ ಮುಬಾರಕ್, ಲಂಡನ್ನಿನ ಫೆಲ್ತಮ್ ಬಂದೀಖಾನೆಯಿಂದ 2000ದ ಮಾರ್ಚ್ 21ರಂದು ಬಿಡುಗಡೆಯಾಗಬೇಕಿತ್ತು. ಆ ದಿನ ಬೆಳಗಾಗುವ ಮುನ್ನವೇ ಜನಾಂಗದ್ವೇಷಿಯಾದ ಸಹಬಂದಿಯೊಬ್ಬನು ಒಂದೇ ಕೋಣೆಯಲ್ಲಿ ಆತನನ್ನು ಹೊಡೆದನು. ವಾರದ ಬಳಿಕ ಆತನು ಅಸುನೀಗಿದನು. 2006ರ ವಿಚಾರಣಾ ವರದಿಯು ಬಂದೀಖಾನೆಯ ಲೋಪಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು. ಇಂಥ ಘಟನೆಯನ್ನು ಬಲ್ಲ ಸಮುದಾಯದ ಯುವಕನು ಸರ್ಕಾರಿ ಅಧಿಕಾರಿಯ ನೆರವಿನ ಕೈಯನ್ನೂ ಅನುಮಾನದಿಂದಲೇ ನೋಡಿದರೆ ಆಶ್ಚರ್ಯವೇನು?

ಬಿಡುಗಡೆಯ ದಿನದ ಕಷ್ಟಗಳು ಎಲ್ಲ ಬಂದಿಗಳಿಗೂ ಸಮಾನವೆಂಬುದು ನಿಜ. 2021ರವರೆಗೆ ಹೊರಬರುವವನ ಕೈಯಲ್ಲಿಡುತ್ತಿದ್ದುದು 46 ಪೌಂಡುಗಳು. ಆ ವರ್ಷ ಅದು 76ಕ್ಕೇರಿತು. ಶುಕ್ರವಾರ ಬಿಡುಗಡೆಯಾದವನು ಕಚೇರಿಗಳು ಮುಚ್ಚುವುದರೊಳಗೆ ವಸತಿ, ಔಷಧ, ಭತ್ಯೆಗಳನ್ನೆಲ್ಲ ಹುಡುಕಿಕೊಳ್ಳಬೇಕಾಗುತ್ತಿತ್ತು; ಆದುದರಿಂದ ಬಿಡುಗಡೆಯನ್ನು ಒಂದೆರಡು ದಿನ ಮುಂಚಿತವಾಗಿಸಲು 2023ರ ಕಾಯಿದೆಯೊಂದು ಅವಕಾಶ ಕಲ್ಪಿಸಿತು. ಇವೆಲ್ಲ ಒಳ್ಳೆಯ ಸುಧಾರಣೆಗಳೇ. ಆದರೆ ಹೊರಬಂದವರೆಲ್ಲರೂ ಒಂದೇ ಬಾಗಿಲನ್ನು ತಟ್ಟಿದರೂ ಒಳಗಿನಿಂದ ಬರುವ ಉತ್ತರ ಒಂದೇ ಆಗಿರುವುದಿಲ್ಲ. 2009ರಲ್ಲಿ ಬ್ರಿಟನ್ನಿನ ಸರ್ಕಾರಿ ಇಲಾಖೆಯೊಂದು ನಡೆಸಿದ ಪರೀಕ್ಷೆಯಲ್ಲಿ, ಅರ್ಹತೆ ಸಮಾನವಾಗಿದ್ದರೂ ಒಂದು ಅನುಕೂಲ ಉತ್ತರಕ್ಕಾಗಿ ಬಿಳಿಯರ ಹೆಸರಿನವರು 9 ಅರ್ಜಿಗಳನ್ನು, ಅಲ್ಪಸಂಖ್ಯಾತರ ಹೆಸರಿನವರು 16 ಅರ್ಜಿಗಳನ್ನು ಕಳುಹಿಸಬೇಕಾಯಿತು. ಇದು ಯಾವ ಅಪರಾಧವನ್ನೂ ಮಾಡದವರ ಹೆಸರಿಗೆ ದೊರೆತ ಉತ್ತರ. ಅದರ ಮೇಲೆ ಸೆರೆವಾಸದ ಕಳಂಕವೂ ಸೇರಿದರೆ ಗತಿಯೇನು?

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಅಪರಾಧಕ್ಕೆ ಬಲಿಯಾದವನೂ ಬಡವನಿರಬಹುದು, ಅಲ್ಪಸಂಖ್ಯಾತನೇ ಇರಬಹುದು. ಆತನಿಗಿಲ್ಲದ ವಿಶೇಷ ನೆರವು ಅಪರಾಧಿಗೇಕೆ? ಬಿಳಿಯ ಬಂದಿಗಿಲ್ಲದುದು ಇತರನಿಗೇಕೆ? ಈ ಆಕ್ಷೇಪವನ್ನು ತಿರಸ್ಕಾರದಿಂದ ತಳ್ಳಿಹಾಕುವುದು ತರವಲ್ಲ. ಬಲಿಯಾದವನ ಋಣವು ಸಮಾಜದ ಮೇಲೆ ಮೊದಲನೆಯದು. ಆದರೆ ಶಿಕ್ಷೆ ಮುಗಿಸಿದವನನ್ನು ಬೀದಿಗೆ ತಳ್ಳುವುದರಿಂದ ಆ ಋಣವು ತೀರುವುದಿಲ್ಲ. ಇನ್ನೊಬ್ಬನು ಬಲಿಯಾಗುವ ಸಂಭವವಷ್ಟೇ ಹೆಚ್ಚುತ್ತದೆ. ಇನ್ನು ಸಮಾನತೆಯ ಮಾತು. ಇಬ್ಬರಿಗೂ ಒಂದೇ ಉದ್ದದ ಏಣಿಯನ್ನು ಕೊಡುವುದು ಸಮಾನತೆಯೆಂದು ತೋರಬಹುದು. ಒಬ್ಬನು ಬಿದ್ದಿರುವ ಬಾವಿಯು ಹೆಚ್ಚು ಆಳವಾಗಿದ್ದರೆ ಅದು ಸಮಾನತೆಯ ನೆರಳು ಮಾತ್ರ. ಹೆಚ್ಚುವರಿಯಾಗಿ ನೀಡುವ ಮೆಟ್ಟಿಲುಗಳು ಅಪರಾಧಕ್ಕೆ ಬಹುಮಾನವಲ್ಲ; ಆತನು ಮಾಡದ ತಪ್ಪಿಗೆ ವಿಧಿಸಿದ ದಂಡದ ಮರುಪಾವತಿ.

ಆದರೆ ಸರ್ಕಾರವನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ. ಬ್ರಿಟನ್ನಿನ ಮುಸ್ಲಿಂ ಮಹಿಳಾ ಬಂದಿಗಳ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರ ಸಮುದಾಯದವರಿಂದಲೇ ಸಿದ್ಧವಾದುದು. ಸೆರೆಯಿಂದ ಮರಳಿದ ಗಂಡುಮಗನನ್ನು ಬರಮಾಡಿಕೊಳ್ಳುವ ಮನೆಗಳೇ ಹೆಣ್ಣುಮಗಳನ್ನು ಕುಲಗೌರವಕ್ಕೆ ಕುಂದೆಂದು ಬಗೆದು ದೂರವಿಡುವುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಬ್ರಾಡ್‌ಫರ್ಡ್ ನಗರದ ಖಿದ್ಮತ್ ಕೇಂದ್ರದಲ್ಲಿ ಇಂಥ ಮಹಿಳೆಯರ ಪುನರ್ವಸತಿಗಾಗಿ ಯೋಜನೆಯೊಂದು ರೂಪುಗೊಂಡಿತು. ಹೊರಗಿನವರ ತಿರಸ್ಕಾರವನ್ನು ಅನ್ಯಾಯವೆಂದು ಖಂಡಿಸುವ ಸಮುದಾಯವು ತನ್ನವರನ್ನು ತಾನೇ ತಿರಸ್ಕರಿಸಿದಾಗ ಆ ಖಂಡನೆಯ ಬಲವೇ ಕುಗ್ಗುತ್ತದೆ. ಸಮುದಾಯವು ಚಿಕ್ಕದಾದಷ್ಟೂ ಮಾನದ ಭಯ ದೊಡ್ಡದು. ಕಳಂಕ ತಗುಲಿದ ಒಬ್ಬರನ್ನು ಕಡಿದುಹಾಕಿ ಉಳಿದವರು ಶುದ್ಧರೆನಿಸಿಕೊಳ್ಳುವ ಆಸೆಯು ಯಾವುದೇ ಒಂದು ಮತದ ಸೊತ್ತಲ್ಲ.

ಕಾನೂನು ತನ್ನ ಪಾಲಿನ ಕೆಲಸವನ್ನು ಮಾಡಬಲ್ಲುದು. ಕೆಲವು ಕಾಲದ ನಂತರ ಹಳೆಯ ಶಿಕ್ಷೆಯನ್ನು ಹೇಳಿಕೊಳ್ಳಬೇಕಿಲ್ಲವೆಂದು ಬ್ರಿಟನ್ನಿನ 1974ರ ಕಾಯಿದೆಯು ವಿಧಿಸಿತು. 2023ರ ಅಕ್ಟೋಬರಿನಲ್ಲಿ ಆ ಅವಧಿಗಳು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇನ್ನಷ್ಟು ಕಿರಿದಾದವು. ವರ್ಷದೊಳಗಿನ ಸೆರೆವಾಸಕ್ಕೆ ಒಂದು ವರ್ಷ, ನಾಲ್ಕು ವರ್ಷದವರೆಗಿನದಕ್ಕೆ ನಾಲ್ಕು ವರ್ಷ, ಅದಕ್ಕೂ ಮೀರಿದುದಕ್ಕೆ, ಘೋರಾಪರಾಧಗಳನ್ನು ಬಿಟ್ಟು, ಏಳು ವರ್ಷ. ಆದರೆ ಕಾನೂನು ಕಾಗದವನ್ನು ಮುಚ್ಚಬಲ್ಲುದೇ ಹೊರತು ಮುಚ್ಚಿದ ಮನೆಯ ಬಾಗಿಲನ್ನು ತೆರೆಯಲಾರದು.

ದಾರಿಯಿಂದ ಜಾರಿದವನನ್ನು ಮತ್ತೆ ನೆಲೆಯಲ್ಲಿ ನಿಲ್ಲಿಸುವುದನ್ನು ಸ್ಥಿತಿಕರಣವೆಂದು ಕರೆದು ಹಿರಿಯರು ಅದನ್ನು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಎಣಿಸಿದರು. ಎಂದರೆ ಅದು ಬಿದ್ದವನ ಭಾಗ್ಯವಷ್ಟೇ ಅಲ್ಲ, ನಿಂತವನ ಕರ್ತವ್ಯ. ನ್ಯಾಯಾಧೀಶನು ಶಿಕ್ಷೆಯ ಆರಂಭವನ್ನು ಘೋಷಿಸುತ್ತಾನೆ; ಅದರ ಅಂತ್ಯವನ್ನು ಘೋಷಿಸುವ ಅಧಿಕಾರ ಮಾತ್ರ ನೆರೆಯವರಲ್ಲಿ, ಮಾಲೀಕರಲ್ಲಿ, ಬಂಧುಗಳಲ್ಲಿ ಹಂಚಿಹೋಗಿದೆ. ಅವರು ಮೌನವಾಗಿರುವಷ್ಟು ಕಾಲ, ಹೊರಗೆ ನಡೆದಾಡುತ್ತಿದ್ದರೂ ಆ ಮನುಷ್ಯನು ಬಂದಿಯೇ.