ಮರಳಿ ಕೈಗೆತ್ತಿಕೊಂಡ ಕೆಲಸ

ನಮ್ಮ ಕೈಯಿಂದ ಕಿತ್ತುಕೊಂಡ ಕೆಲಸವೊಂದು ಅರೆಬರೆಯಾಗಿ, ನಮ್ಮದೇ ಹೆಸರು ಹೊತ್ತು ಲೋಕವೆಲ್ಲ ತಿರುಗುತ್ತಿದ್ದರೆ ನಾವೇನು ಮಾಡುತ್ತೇವೆ? ಕೊರಗುತ್ತೇವೆ, ದೂರುತ್ತೇವೆ, ಕೊನೆಗೆ ಹಣೆಬರಹವೆಂದು ಸುಮ್ಮನಾಗುತ್ತೇವೆ. ಫ್ರಾನ್ಸಿನ ಅನಿಮೇಷನ್ ನಿರ್ದೇಶಕ ಪಾಲ್ ಗ್ರಿಮೋ ಸುಮ್ಮನಾಗಲಿಲ್ಲ.

ಕವಿ ಜಾಕ್ ಪ್ರೆವೇರ್ ಜೊತೆಗೂಡಿ, ಕಥೆಗಾರ ಆಂಡರ್ಸನ್ನನ ಕಥೆಯೊಂದನ್ನು ಆಧರಿಸಿ ಅವರು ಮಾಡತೊಡಗಿದ ಚಿತ್ರ ನಡುದಾರಿಯಲ್ಲೇ ಕೈತಪ್ಪಿತು. ನಿರ್ಮಾಪಕರು 1952ರಲ್ಲಿ ಅದನ್ನು ತಮಗೆ ತೋಚಿದಂತೆ ಮುಗಿಸಿ ಜನರ ಮುಂದಿಟ್ಟರು. ನಿರ್ದೇಶಕ, ಕವಿ ಇಬ್ಬರೂ ಅದನ್ನು ತಮ್ಮದೆಂದು ಒಪ್ಪಲಿಲ್ಲ. 1967ರಲ್ಲಿ ಗ್ರಿಮೋ ಚಿತ್ರದ ಹಕ್ಕನ್ನು ಮರಳಿ ಪಡೆದರು. 'ರಾಜ ಮತ್ತು ಹಕ್ಕಿ' ಎಂಬ ಹೊಸ ಹೆಸರಿನಲ್ಲಿ ಅದು ತೆರೆಗೆ ಬಂದದ್ದು 1980ರಲ್ಲಿ. 1905ರಲ್ಲಿ ಹುಟ್ಟಿದ ಗ್ರಿಮೋಗೆ ಆಗ ಎಪ್ಪತ್ತು ದಾಟಿತ್ತು. ಪ್ರೆವೇರ್ 1977ರಲ್ಲೇ ತೀರಿಕೊಂಡಿದ್ದರು. ಚಿತ್ರವನ್ನು ಗ್ರಿಮೋ ಆ ಗೆಳೆಯನಿಗೆ ಅರ್ಪಿಸಿದರು.

ಇಲ್ಲಿ ಹಟವನ್ನಷ್ಟೇ ಕಂಡರೆ ಸಾಕೆ? ಅವರು ಹಳೆಯದನ್ನೆಲ್ಲ ಎಸೆದು ಹೊಸದಾಗಿ ಶುರುಮಾಡಲಿಲ್ಲ ಎಂಬುದು ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ನೋವು ಅಂಟಿದ್ದ ಹಳೆಯ ಭಾಗಗಳಲ್ಲಿ ಒಳ್ಳೆಯದನ್ನು ಉಳಿಸಿಕೊಂಡು, ಅದರ ಪಕ್ಕದಲ್ಲೇ ಹೊಸದನ್ನು ಬಿಡಿಸಿದರು. ನಲವತ್ತರ ಕೈಯೂ ಎಪ್ಪತ್ತರ ಕೈಯೂ ಒಂದೇ ಚಿತ್ರದಲ್ಲಿ ಕೂಡಿ ನಡೆಯುತ್ತವೆ. ಕಳೆದುಹೋದ ಕಾಲದೊಡನೆ ಇಷ್ಟು ಹದವಾಗಿ ರಾಜಿಯಾಗುವುದು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ?

ಹೊಸ ಆವೃತ್ತಿಯ ಕೊನೆಯನ್ನು ನೋಡಬೇಕು. ನಿರಂಕುಶ ರಾಜನ ಅರಮನೆ ಪುಡಿಪುಡಿಯಾಗಿದೆ. ಅದನ್ನು ಕೆಡವಿದ ದೈತ್ಯ ಯಂತ್ರಮಾನವ ಅವಶೇಷಗಳ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾನೆ. ಪಂಜರದಲ್ಲಿ ಸಿಕ್ಕಿಬಿದ್ದ ಹಕ್ಕಿಮರಿಯೊಂದು ಕಣ್ಣಿಗೆ ಬೀಳುತ್ತದೆ. ಒರಟು ಕಬ್ಬಿಣದ ಬೆರಳು ಮೆಲ್ಲಗೆ ಬಾಗಿಲು ತೆರೆಯುತ್ತದೆ. ಮರಿ ಹಾರಿದ ಮೇಲೆ ಅದೇ ಕೈ ಮುಷ್ಟಿಯಾಗಿ ಪಂಜರವನ್ನು ಜಜ್ಜುತ್ತದೆ. ಮಾತಿಲ್ಲ. ಬಿಡುಗಡೆ ಮಾಡಿದರಷ್ಟೇ ಸಾಲದು, ಬಂಧಿಸುವ ಸಾಧನವೂ ಉಳಿಯಬಾರದೆಂಬ ಅರಿವು ಕಾದು ಪಡೆದವರಿಗಲ್ಲದೆ ಇಷ್ಟು ಸರಳವಾಗಿ ಒದಗುತ್ತದೆಯೇ?

ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಗ್ರಿಮೋ ನಿರಾಕರಿಸಿದ ಆ ಅರೆಬರೆ ಆವೃತ್ತಿಯನ್ನು ದೂರದ ಜಪಾನಿನಲ್ಲಿ ಫ್ರೆಂಚ್ ಸಾಹಿತ್ಯ ಓದುತ್ತಿದ್ದ ತರುಣ ಇಸಾವೊ ತಕಹಾತ ನೋಡಿದರು. ಅವರು ಅನಿಮೇಷನ್ನಿನತ್ತ ಹೊರಳಲು ಅದೇ ಕಾರಣವಾಯಿತು. ಮುಂದೆ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಮಾಡಿದವರು ಅವರೇ. ಒಡೆಯ ಒಪ್ಪದ ಕೃತಿಯೂ ಬೆಳಕು ಕೊಟ್ಟಿತು. ಹಾಗಾದರೆ ಗ್ರಿಮೋ ಅಷ್ಟು ವರ್ಷ ತೆತ್ತದ್ದು ವ್ಯರ್ಥವೇ? ನನಗೆ ಹಾಗೆನ್ನಿಸುವುದಿಲ್ಲ. ನೋಡಿದವರಿಗೆ ಅಷ್ಟು ಸಾಕಾಗಿತ್ತು, ಮಾಡಿದವರಿಗೆ ಸಾಕಾಗಿರಲಿಲ್ಲ. ಗ್ರಿಮೋ ದುಡಿದದ್ದು ಆ ಎರಡನೆಯ ಲೆಕ್ಕಕ್ಕೆ.